ಕಾಲಿನ ಹರಡು ಬಾವು, ಕೆಂಪು ಗಂಟು, ಎದೆಯೊಳಗ ಗ್ರಂಥಿ: ಎಲ್ಲದಕ್ಕೂ ಟಿಬಿ ಗುಳಿಗಿನೇ?

ಸುರಪುರ_ಪಿಎಚ್‌ಸಿ:
ಎಲ್ಲಾರಿಗೂ ನಮಸ್ಕಾರ್ರಿ. ಒಂದು ನಮೂನಿ ಪದೇ ಪದೇ ಕಾಣ್ತದ, ತಿಳಿದವರು ಹೇಳ್ರಿ. ವಯಸ್ಸು ಮೂವತ್ತರ ಆಸುಪಾಸು. ಎರಡೂ ಕಾಲಿನ ಹರಡು (ಪಾದದ ಮೇಲಿನ ಕೀಲು) ಬಾತು ನಡೀಲಿಕ್ಕಾಗೂದಿಲ್ಲ. ಮೊಣಕಾಲ ಕೆಳಗ, ಎಲುಬಿನ ಮುಂದ, ಮುಟ್ಟಿದ್ರ ನೋಯುವ ಕೆಂಪು ಗಂಟು. ಸಂಜಿ ಮುಂದ ಸಣ್ಣ ಜ್ವರ. ಕೆಮ್ಮಿಲ್ಲ, ಕಫ ಇಲ್ಲ. ಚಿಕೂನ್‌ಗುನ್ಯಾ ಅಂತ ಅದಾಗಲೇ ನೋವಿನ ಗುಳಿಗಿ ಆಗಿರ್ತದ. ಎಕ್ಸ್‌ರೇ ತೆಗೆಸಿದ್ರ ಎರಡೂ ಕಡೆ ಹೈಲಂ (ಶ್ವಾಸಕೋಶದ ಬುಡ, ಗ್ರಂಥಿ ಇರೋ ಜಾಗ) ಉಬ್ಬಿರ್ತದ, ವರದಿಯೊಳಗ ‘ಕಾಕ್ಸ್ ಇರಬಹುದು’, ಅಂದ್ರ ಟಿಬಿ, ಅಂತ ಒಂದು ಸಾಲು. ಕಫನೇ ಇಲ್ಲಂದ್ರ ಸಿಬಿನ್ಯಾಟ್ (ಟಿಬಿ ಕ್ರಿಮಿಯ ಜೀನ್ ಹುಡುಕೋ ಪರೀಕ್ಷಾ) ಯಾವುದರಿಂದ ಮಾಡ್ಸೋದ್ರಿ? ಆರು ತಿಂಗಳ ಔಷಧ ಶುರು ಮಾಡಿ ನೋಡೋದೋ, ಕಲಬುರಗಿಗೆ ಕಳಸೋದೋ? ಕಳಸೋದಾದ್ರ ಇಲ್ಲೇ ಏನೇನು ಮುಗಿಸಬೇಕು?

ಎದೆರೋಗ_ಕಲಬುರಗಿ:
ಡಾಕ್ಟ್ರೇ, ಹರಡು ಬಾವು, ಎರಿಥೀಮಾ ನೋಡೋಸಂ (ನೀವು ಹೇಳಿದ ನೋಯುವ ಕೆಂಪು ಗಂಟು), ಎರಡೂ ಕಡೆ ಸಮನಾಗಿ ಉಬ್ಬಿದ ಹೈಲಂ, ಜ್ವರ. ಈ ನಾಲ್ಕೂ ಒಟ್ಟಿಗೆ ಇದ್ದರೆ ಮೊದಲು ನೆನೆಯಬೇಕಾದದ್ದು ಲೋಫ್‌ಗ್ರೆನ್ ಸಿಂಡ್ರೋಮ್, ಸಾರ್ಕಾಯ್ಡೋಸಿಸ್ (ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟು ಕಟ್ಟುವ, ಟಿಬಿಯಂತೆ ಕಾಣುವ ರೋಗ) ದಿಢೀರನೆ ಶುರುವಾಗುವ ಒಂದು ಬಗೆ. ಸ್ವೀಡನ್ನಿನ ಲೋಫ್‌ಗ್ರೆನ್ ಇದನ್ನು ವಿವರಿಸುವ ತನಕ ಯುರೋಪಿನಲ್ಲೂ ಇಂಥವರನ್ನು ಪ್ರಾಥಮಿಕ ಟಿಬಿ ಎಂದೇ ಲೆಕ್ಕ ಹಾಕುತ್ತಿದ್ದರು. ಗಂಡಸರಲ್ಲಿ ಹರಡಿನ ಬಾವು ಮುಂದಾಗಿರುತ್ತದೆ, ಹೆಂಗಸರಲ್ಲಿ ಗಂಟುಗಳು. ಬಾವು ಬಹುಮಟ್ಟಿಗೆ ಕೀಲಿನ ಸುತ್ತಲಿನದು, ಒಳಗೆ ನೀರು ಕಡಿಮೆ. ಅದಕ್ಕೇ ಸೂಜಿ ಹಾಕಿ ಎಳೆದರೆ ಏನೂ ಬರುವುದಿಲ್ಲ.

ಪಿಎಚ್‌ಸಿ ಮತ್ತು ತಾಲೂಕು ಆಸ್ಪತ್ರೆ ಮಟ್ಟದಲ್ಲೇ ಮುಗಿಯುವ ಕೆಲಸ: ಸಿಬಿಸಿ (ರಕ್ತಕಣಗಳ ಎಣಿಕೆ) ಜತೆ ಇಯೋಸಿನೋಫಿಲ್ (ಒಂದು ಬಗೆಯ ಬಿಳಿಕಣ) ಎಣಿಕೆ, ಶುಗರ್, ಎಚ್‌ಐವಿ, ಕ್ರಿಯಾಟಿನಿನ್, ಕ್ಯಾಲ್ಸಿಯಂ, ಮೂತ್ರದ ಮೈಕ್ರೋಸ್ಕೋಪಿ, ಇಸಿಜಿ, ಮಾಂಟೂ (ಟಿಬಿ ಸೋಂಕು ತಿಳಿಯಲು ಚರ್ಮದಲ್ಲಿ ಮಾಡುವ ಪರೀಕ್ಷೆ). ಮಾಂಟೂವನ್ನು 0.1 ಮಿಲಿ ಚರ್ಮದೊಳಗೇ ಕೊಟ್ಟು, ಗುಳ್ಳೆ ಎದ್ದದ್ದು ನೋಡಿಕೊಂಡು, 48ರಿಂದ 72 ಗಂಟೆಯೊಳಗೆ ಗಟ್ಟಿಯಾದ ಭಾಗವನ್ನಷ್ಟೇ ಅಡ್ಡಕ್ಕೆ ಅಳೆಯಿರಿ. ಕೆಂಪಾದದ್ದನ್ನೂ ಸೇರಿಸಿ ಅಳೆದು 18 ಮಿಮೀ ಎಂದು ಬರೆದ ಚೀಟಿಗಳು ಬರುತ್ತವೆ, ಅವು ಉಪಯೋಗಕ್ಕಿಲ್ಲ. ದೊಡ್ಡವರಲ್ಲಿ ಬಹಳ ಮಂದಿಗೆ ಪಾಸಿಟಿವ್ ಬರುವ ನಮ್ಮ ನಾಡಿನಲ್ಲಿ ಮಾಂಟೂ ಪೂರ್ತಿ ಸೊನ್ನೆ ಬಂದರೆ ಅದಕ್ಕೆ ತೂಕವಿದೆ. ಆದರೆ ಎಚ್‌ಐವಿ, ಅಪೌಷ್ಟಿಕತೆ, ಇತ್ತೀಚೆಗೆ ಬಿದ್ದ ಸ್ಟೀರಾಯ್ಡ್ ಸೂಜಿ ಕೂಡ ಸೊನ್ನೆ ಮಾಡುತ್ತವೆ.

ಔಷಧ ಶುರು ಮಾಡಿ ನೋಡುವುದು ಬೇಡ. ಲೋಫ್‌ಗ್ರೆನ್ ಬಹುತೇಕರಲ್ಲಿ ತಾನಾಗಿಯೇ ಇಳಿಯುತ್ತದೆ, ಕೆಲವು ತಿಂಗಳಿಂದ ಎರಡು ವರ್ಷದೊಳಗೆ. ಅದೇ ಹೊತ್ತಿನಲ್ಲಿ ಟಿಬಿ ಗುಳಿಗೆ ನಡೆದಿದ್ದರೆ ಗುಣವಾದದ್ದರ ಪುಣ್ಯ ಅದಕ್ಕೆ ಹೋಗುತ್ತದೆ. ಮುಂದೆ ಎರಡು ವರ್ಷ ಬಿಟ್ಟು ಸಾರ್ಕಾಯ್ಡೋಸಿಸ್‌ನಿಂದಲೇ ಕಣ್ಣು ಕೆಂಪಾದಾಗ ‘ಟಿಬಿ ಮರುಕಳಿಸಿದೆ’ ಎಂದು ಇನ್ನೊಂದು ಸುತ್ತು. ಸದ್ಯಕ್ಕೆ ನ್ಯಾಪ್ರಾಕ್ಸೆನ್ 500 ಮಿಗ್ರಾಂ ದಿನಕ್ಕೆ ಎರಡು ಸಲ, ಊಟದ ಮೇಲೆ, ಕ್ರಿಯಾಟಿನಿನ್ ಸರಿ ಇದ್ದರೆ ಮಾತ್ರ. ಸ್ಟೀರಾಯ್ಡಿಗೆ ಆತುರವಿಲ್ಲ.

ಟಿಬಿ_ಬೀದರ:
ಸರ್ ಹೇಳಿದ್ದು ನಾಲ್ಕೂ ಲಕ್ಷಣ ಸೇರಿದಾಗ ಸರಿ. ಅರ್ಧ ಸೇರಿದಾಗ ನಾನು ಅಷ್ಟು ಧೈರ್ಯ ಮಾಡುವುದಿಲ್ಲ. ಎರಿಥೀಮಾ ನೋಡೋಸಂ ಟಿಬಿಯಲ್ಲೂ ಬರುತ್ತದೆ. ಟಿಬಿಗೆ ಪ್ರತಿಕ್ರಿಯೆಯಾಗಿ ಕೀಲು ಬಾಯುವ ಪಾನ್ಸೆ ಎಂಬುದೂ ಇದೆ, ಅಲ್ಲಿ ಕೀಲಿನೊಳಗೆ ಕ್ರಿಮಿ ಸಿಗುವುದಿಲ್ಲ. ಹೈಲಂ ಒಂದೇ ಕಡೆ ಉಬ್ಬಿದೆ, ತೂಕ ಇಳಿದಿದೆ, ಮನೆಯಲ್ಲಿ ಕಫ ಪಾಸಿಟಿವ್ ಇದ್ದಾರೆ ಎಂದರೆ ತಕ್ಕಡಿ ಟಿಬಿ ಕಡೆಗೇ ವಾಲುತ್ತದೆ.

ಕಫ ಇಲ್ಲ ಎಂಬಲ್ಲಿಗೆ ಕೈಬಿಡಬೇಡಿ. ಮೊದಲು ಕುತ್ತಿಗೆ, ಕಾಲರ್ ಎಲುಬಿನ ಮೇಲೆ, ಕಂಕುಳು ಬೆರಳಿಟ್ಟು ನೋಡಿ. ಅಲ್ಲೊಂದು ಗ್ರಂಥಿ ಸಿಕ್ಕರೆ ಎದೆಯೊಳಗಿನದಕ್ಕೆ ಕೈಹಾಕುವ ಮೊದಲೇ ಉತ್ತರ ಸಿಗಬಹುದು. ಇಲ್ಲದಿದ್ದರೆ ಕಫ ಬರಿಸಬಹುದು: ಸಾಲ್ಬುಟಮಾಲ್ ಎರಡು ಪಫ್ ಕೊಟ್ಟು, ಹತ್ತು ನಿಮಿಷ ಬಿಟ್ಟು, 3% ಸಲೈನ್ ನೆಬ್ಯುಲೈಸರಿನಲ್ಲಿ 15ರಿಂದ 20 ನಿಮಿಷ. ಇದನ್ನು ಓಪಿಡಿ ಒಳಗೆ ಮಾಡಬೇಡಿ, ಹಿಂದಿನ ಅಂಗಳದಲ್ಲಿ ಮಾಡಿ, ಪಕ್ಕದಲ್ಲಿ ನಿಲ್ಲುವ ಸಿಸ್ಟರ್ ಎನ್95 ಹಾಕಿರಲಿ. ಬರುವ ಕಫ ನೀರು ನೀರಾಗಿರುತ್ತದೆ. ಉಗುಳು ಎಂದು ಲ್ಯಾಬಿನವರು ಚೆಲ್ಲದಂತೆ ಚೀಟಿಯಲ್ಲಿ ‘ಸಲೈನ್ ಕೊಟ್ಟು ಬರಿಸಿದ ಕಫ’ ಎಂದು ಬರೆಯಿರಿ.

ಇನ್ನೊಂದು. ಕಾರಣ ಗೊತ್ತಾಗುವ ಮೊದಲು ಲೆವೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಬೇಡವೇ ಬೇಡ. ಅದು ಟಿಬಿ ಕ್ರಿಮಿಯನ್ನು ಅರೆಬರೆ ಹೊಡೆದು ಜ್ವರ ಇಳಿಸುತ್ತದೆ, ಕಲ್ಚರ್ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಕೆಡಿಸುತ್ತದೆ, ಮುಂದೆ ಬೇಕಾಗುವ ಔಷಧಕ್ಕೆ ಪ್ರತಿರೋಧವನ್ನೂ ಬೆಳೆಸುತ್ತದೆ.

ಚರ್ಮ_ಕುಷ್ಠ:
ನಮ್ಮ ಕಡೆ ಮೂರನೆಯದೂ ಇದೆ, ಅದನ್ನು ಯಾರೂ ಎತ್ತಲಿಲ್ಲ. ಕುಷ್ಠದ ಟೈಪ್ 2 ರಿಯಾಕ್ಷನ್ (ಕುಷ್ಠದ ಕ್ರಿಮಿಗೆ ದೇಹ ತೋರುವ ಉರಿಯೂತ), ಇಎನ್‌ಎಲ್. ಅಲ್ಲೂ ಜ್ವರ, ಕೀಲುನೋವು, ನೋಯುವ ಕೆಂಪು ಗಂಟು. ವ್ಯತ್ಯಾಸ ಇರುವುದು ಜಾಗದಲ್ಲಿ: ಎರಿಥೀಮಾ ನೋಡೋಸಂ ಮೊಣಕಾಲ ಕೆಳಗೆ ಮುಂಭಾಗದಲ್ಲೇ ಇರುತ್ತದೆ, ನಾಲ್ಕಾರು ವಾರದಲ್ಲಿ ಹಳೆಯ ಪೆಟ್ಟಿನ ಹಾಗೆ ನೀಲಿ-ಹಳದಿಯಾಗಿ ಮಾಯುತ್ತದೆ. ಇಎನ್‌ಎಲ್ ಮುಖ, ತೋಳು, ತೊಡೆ ಎಲ್ಲೆಡೆ ಏಳುತ್ತದೆ, ಒಂದು ಸುತ್ತಿನ ಗಂಟು ಇಳಿಯುವಷ್ಟರಲ್ಲಿ ಇನ್ನೊಂದು ಸುತ್ತು. ಮೊಣಕೈ ಹಿಂದಿನ ಅಲ್ನಾರ್ ನರ ಒತ್ತಿ ನೋಡಿ. ದಪ್ಪಗಿದೆ, ನೋವಿದೆ ಎಂದರೆ ಕಿವಿಯ ಹಾಲೆಯಿಂದ ಸ್ಲಿಟ್ ಸ್ಕಿನ್ ಸ್ಮಿಯರ್ (ಚರ್ಮ ತುಸು ಸೀಳಿ ಕುಷ್ಠದ ಕ್ರಿಮಿ ನೋಡುವ ಲೇಪ) ತೆಗೆಯಿರಿ. ಕುಷ್ಠದ ಮಾತ್ರೆ ಮುಗಿಸಿ ವರ್ಷಗಳಾದ ಮೇಲೂ ಇದು ಬರಬಹುದು. ಹಾಗಾಗಿ ‘ಹಿಂದೆ ಬಿಳಿ ಮಚ್ಚೆಗೆ ಗುಳಿಗೆ ತಗೊಂಡಿದ್ರಾ’ ಎಂದು ಕೇಳಲೇಬೇಕು.

ಸಾರ್ಕಾಯ್ಡೋಸಿಸ್ ಹುಡುಕಲು ಆ ಮುಂಗಾಲಿನ ಗಂಟಿನಿಂದ ಬಯಾಪ್ಸಿ ತೆಗೆಸಬೇಡಿ. ಅಲ್ಲಿ ಸಿಗುವುದು ಕೊಬ್ಬಿನ ಪದರದ ಉರಿಯೂತ ಮಾತ್ರ, ಗ್ರಾನ್ಯುಲೋಮಾ (ಉರಿಯೂತದ ಕಣಗಳು ಗುಂಪುಗಟ್ಟಿದ ಸಣ್ಣ ಗಂಟು) ಅಲ್ಲ. ಹಳೆಯ ಗಾಯದ ಕಲೆ ಉಬ್ಬಿ ಕೆಂಪಾಗಿದ್ದರೆ, ಹಚ್ಚೆ ಹಾಕಿಸಿದ ಗೆರೆ ಗಂಟುಗಟ್ಟಿದ್ದರೆ ಅಲ್ಲಿಂದ ತೆಗೆಯಿರಿ. ತಿಂಗಳುಗಟ್ಟಲೆ ಅಲೆಯುವ ಬದಲು ಆ 4 ಮಿಮೀ ಪಂಚ್ (ದುಂಡು ಬ್ಲೇಡಿನಿಂದ ತೆಗೆದ ಚರ್ಮದ ಚೂರು) ಉತ್ತರ ಕೊಡುತ್ತದೆ.

ಗಾಜಿನ_ಸ್ಲೈಡ್:
ಬಯಾಪ್ಸಿ ಮಾತು ಬಂದದ್ದಕ್ಕೆ ನನ್ನ ಹಳೆಯ ತಕರಾರು. ತೆಗೆದ ಚೂರನ್ನೆಲ್ಲ ಫಾರ್ಮಲಿನ್‌ಗೆ (ಚೂರು ಕೊಳೆಯದಂತೆ ಇಡುವ ದ್ರಾವಣ) ಹಾಕಿ ಕಳಿಸುತ್ತಾರೆ. ಫಾರ್ಮಲಿನ್‌ಗೆ ಬಿದ್ದ ಕ್ಷಣಕ್ಕೆ ಕಲ್ಚರ್ ಕಥೆ ಮುಗಿಯಿತು. ಗ್ರಾನ್ಯುಲೋಮಾ ಕಂಡಿತು ಎಂದು ನಾನು ಬರೆಯಬಲ್ಲೆ, ಅದು ಯಾವುದರದ್ದು ಎಂದು ಗಾಜು ಒಂದೇ ಹೇಳಲಾರದು. ನಡುವೆ ಕೊಳೆತ ಭಾಗ ಇದ್ದರೆ ಟಿಬಿ ಕಡೆ, ಇಲ್ಲದೆ ಬಿಗಿಯಾಗಿ ಕೂತಿದ್ದರೆ ಸಾರ್ಕಾಯ್ಡ್ ಕಡೆ. ಆದರೆ ಟಿಬಿಯ ಮೊದಲ ಹಂತದಲ್ಲಿ ಕೊಳೆಯದ ಗ್ರಾನ್ಯುಲೋಮಾವೂ ಇರುತ್ತದೆ. ಸೂಜಿ ಹೊಕ್ಕ ಜಾಗ ಬೇರೆಯಾಗಿದ್ದರೂ ಸಾಕು, ಉತ್ತರ ಬದಲಾಗುತ್ತದೆ.

ಎಬಸ್‌ನಲ್ಲಿ (ಶ್ವಾಸನಾಳದೊಳಗಿಂದ ಅಲ್ಟ್ರಾಸೌಂಡ್ ನೋಡುತ್ತ) ಎದೆಯೊಳಗಿನ ಗ್ರಂಥಿಗೆ ಸೂಜಿ ಹಾಕುವಾಗ ಒಂದು ಗ್ರಂಥಿಗೆ ಕನಿಷ್ಠ ಮೂರು ಸಲ, ಸಾಧ್ಯವಾದರೆ ಎರಡು ಬೇರೆ ಗ್ರಂಥಿಗಳಿಗೆ. ಒಂದು ಸಲದ್ದು ಪೂರ್ತಿ ಸಲೈನ್‌ಗೆ, ಸಿಬಿನ್ಯಾಟ್ ಮತ್ತು ಎಂಜಿಐಟಿ (ದ್ರವದಲ್ಲಿ ಟಿಬಿ ಕ್ರಿಮಿ ಬೆಳೆಸುವ) ಕಲ್ಚರಿಗೆ. ಉಳಿದದ್ದು ಸ್ಲೈಡಿಗೂ ಸೆಲ್ ಬ್ಲಾಕಿಗೂ (ಕಣಗಳನ್ನು ಮೇಣದಲ್ಲಿ ಗಟ್ಟಿ ಮಾಡಿದ ಗಡ್ಡೆ). ಕುತ್ತಿಗೆ ಗ್ರಂಥಿಯ ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಕಣ ಎಳೆದು ನೋಡುವುದು) ಆದರೂ ಇದೇ ಪಾಠ: 23 ನಂಬರ್ ಸೂಜಿ, ಸ್ಲೈಡ್ ಎಳೆದ ಮೇಲೆ ಸೂಜಿಯನ್ನೂ ಸಿರಿಂಜನ್ನೂ 1 ಮಿಲಿ ಸಲೈನ್‌ನಲ್ಲಿ ತೊಳೆದು ಆ ನೀರನ್ನು ಸಿಬಿನ್ಯಾಟಿಗೆ ಕಳಿಸಿ. ಎಂಜಿಐಟಿ ನೆಗೆಟಿವ್ ಎನ್ನಲು 42 ದಿನ ಬೇಕು. ಹತ್ತನೇ ದಿನ ‘ಇನ್ನೂ ಬೆಳೆದಿಲ್ಲ’ ಎಂದದ್ದನ್ನು ನೆಗೆಟಿವ್ ಎಂದು ಓದಬಾರದು.

ಹಳ್ಳಿಯಲ್ಲಿ ಬಿದ್ದ ಡೆಕ್ಸಾ (ಸ್ಟೀರಾಯ್ಡ್) ಸೂಜಿ ಬಗ್ಗೆ ಚೀಟಿಯಲ್ಲಿ ಬರೆಯಿರಿ ಮಾರಾಯ್ರೇ. ಗ್ರಂಥಿ ಕುಗ್ಗಿರುತ್ತದೆ, ಗ್ರಾನ್ಯುಲೋಮಾ ಮಸುಕಾಗಿರುತ್ತದೆ, ಲಿಂಫೋಮಾ (ಗ್ರಂಥಿಯ ಕ್ಯಾನ್ಸರ್) ಇದ್ದರೆ ಅದೂ ಅಡಗಿ ಕೂತಿರುತ್ತದೆ.

ಸುರಪುರ_ಪಿಎಚ್‌ಸಿ:
ಭಾಳ ಉಪಕಾರ ಆತ್ರಿ ಎಲ್ಲಾರದ್ದೂ. ಇನ್ನೊಂದು ನಮೂನಿ ಕೇಳ್ತೀನಿ. ಗಂಟಿಲ್ಲ, ಬಾವಿಲ್ಲ. ರಾತ್ರಿ ಎರಡು ಮೂರಕ್ಕ ಎಬ್ಬಿಸಿ ಕೂಡಸೋ ಕೆಮ್ಮು, ದಮ್ಮು. ಅಸ್ತಮಾ ಅಂತ ಇನ್‌ಹೇಲರ್ ನಡದಿರ್ತದ. ಕೆಲವರದ್ದು ಎಕ್ಸ್‌ರೇ ಸಾಫ್, ಕೆಲವರದ್ದು ಸಣ್ಣ ಸಣ್ಣ ಚುಕ್ಕಿ. ಮಿಲಿಯರಿ ಟಿಬಿ (ಸಣ್ಣ ಕಾಳಿನಂಗ ಎಲ್ಲಾ ಕಡೆ ಹರಡೋ ಟಿಬಿ) ಅಂತ ಬರೀತಾರ.

ಎದೆರೋಗ_ಕಲಬುರಗಿ:
ಸಿಬಿಸಿ ಚೀಟಿ ತೆಗೆದು ಲೆಕ್ಕ ಮಾಡಿ. ಒಟ್ಟು ಬಿಳಿಕಣ 14,000, ಇಯೋಸಿನೋಫಿಲ್ ಶೇ. 35 ಎಂದರೆ ಎಣಿಕೆ 4,900. 3,000 ದಾಟಿ ರಾತ್ರಿ ಕೆಮ್ಮಿದ್ದರೆ ನಮ್ಮ ಮೂರೂ ಜಿಲ್ಲೆಯಲ್ಲಿ (ಕಲಬುರಗಿ, ಯಾದಗಿರಿ, ಬೀದರ) ಮೊದಲು ನೆನೆಯಬೇಕಾದದ್ದು ಟ್ರಾಪಿಕಲ್ ಪಲ್ಮನರಿ ಇಯೋಸಿನೋಫಿಲಿಯಾ, ಆನೆಕಾಲು ಹುಳದ ಮರಿಗಳಿಗೆ ಶ್ವಾಸಕೋಶ ಕೆರಳುವ ರೋಗ. ಇವು ಆನೆಕಾಲು ರೋಗದ ಜಿಲ್ಲೆಗಳು. ಆನೆಕಾಲು ತಡೆಯಲು ಮೂರು ಔಷಧದ (ಐವರ್ಮೆಕ್ಟಿನ್, ಡಿಇಸಿ, ಅಲ್ಬೆಂಡಜೋಲ್) ಐಡಿಎ ಸಾಮೂಹಿಕ ನುಂಗಿಸುವಿಕೆ ದೇಶದಲ್ಲಿ ಮೊದಲು ಶುರುವಾದ ಕೆಲವೇ ಜಿಲ್ಲೆಗಳಲ್ಲಿ ಯಾದಗಿರಿ ಒಂದು. ವರ್ಷಕ್ಕೊಮ್ಮೆ ಆ ಗುಳಿಗೆ ನುಂಗಿದ್ದಾರೆ ಎಂದು ಇದನ್ನು ತಳ್ಳಿಹಾಕಬೇಡಿ. ರಾತ್ರಿ ರಕ್ತದಲ್ಲಿ ಮರಿಹುಳ ಸಿಗುವುದಿಲ್ಲ, ಶ್ವಾಸಕೋಶದಲ್ಲೇ ಸಿಕ್ಕಿಬಿದ್ದಿರುತ್ತವೆ. ಹಾಗಾಗಿ ನೈಟ್ ಸ್ಮಿಯರ್ ನೆಗೆಟಿವ್ ಎಂಬುದು ಇಲ್ಲಿ ಏನನ್ನೂ ಹೇಳುವುದಿಲ್ಲ. ಡಿಇಸಿ (ಆನೆಕಾಲು ಹುಳದ ಔಷಧ) ದಿನಕ್ಕೆ ಕಿಲೋಗೆ 6 ಮಿಗ್ರಾಂ, 50 ಕಿಲೋದವರಿಗೆ 100 ಮಿಗ್ರಾಂ ದಿನಕ್ಕೆ ಮೂರು ಸಲ, 21 ದಿನ. ಗರ್ಭಿಣಿಯರಿಗೆ ಇಲ್ಲ.

ಮೂರು ವಾರಕ್ಕೂ ಎಣಿಕೆ ಇಳಿಯಲಿಲ್ಲವೇ? ಮೂಗಿನಲ್ಲಿ ಪಾಲಿಪ್ ಇದೆಯೇ, ಪಾದ ಜೋಮು ಹಿಡಿದು ಚಪ್ಪಲಿ ಗೊತ್ತಿಲ್ಲದೆ ಜಾರುತ್ತದೆಯೇ ಕೇಳಿ. ದೊಡ್ಡವರಾದ ಮೇಲೆ ಶುರುವಾದ ಅಸ್ತಮಾ, ಇಯೋಸಿನೋಫಿಲ್, ನರದ ತೊಂದರೆ ಮೂರೂ ಸೇರಿದರೆ ಅದು ಇಜಿಪಿಎ, ರಕ್ತನಾಳದ ಉರಿಯೂತ. ಅಲ್ಲಿ ಸ್ಟೀರಾಯ್ಡ್ ಬೇಕು. ಆದರೆ ಕೊಡುವ ಮೊದಲು ಸ್ಟ್ರಾಂಗಿಲಾಯ್ಡಿಸ್ ಹುಳವನ್ನು ಮರೆಯಬೇಡಿ. ಬರಿಗಾಲಲ್ಲಿ ಹೊಲದಲ್ಲಿ ನಡೆಯುವವರಲ್ಲಿ ಅದು ಸುಮ್ಮನೆ ಕೂತಿರುತ್ತದೆ, ಸ್ಟೀರಾಯ್ಡ್ ಬಿದ್ದೊಡನೆ ಮೈತುಂಬ ಹರಡಿ ಜೀವ ತೆಗೆಯುತ್ತದೆ. ಐವರ್ಮೆಕ್ಟಿನ್ ಕಿಲೋಗೆ 200 ಮೈಕ್ರೋಗ್ರಾಂ, ಎರಡು ದಿನ.

ಇಯೋಸಿನೋಫಿಲ್ ಸರಿ ಇದ್ದು, ಮಾರ್ಚಿನಿಂದ ಜೂನ್ ತನಕ ಮಾತ್ರ ದಮ್ಮು ಜಾಸ್ತಿ ಎಂದರೆ ಕೂಲರ್ ಬಗ್ಗೆ ಕೇಳಿ. ಹೋದ ವರ್ಷದ ಹುಲ್ಲಿನ ಪ್ಯಾಡ್, ತಳದಲ್ಲಿ ಪಾಚಿಗಟ್ಟಿದ ನೀರು, ಅದರ ಗಾಳಿ ರಾತ್ರಿಯೆಲ್ಲ ನೇರ ಮುಖಕ್ಕೆ. 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ (ಶ್ವಾಸಕೋಶದ ಒಳಪದರ ದಪ್ಪಗಟ್ಟುವ ರೋಗಗಳು) ನೋಂದಣಿಯಲ್ಲಿ 1,084 ರೋಗಿಗಳ ಪೈಕಿ ಶೇ. 47ರಷ್ಟು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್, ಉಸಿರಿನೊಂದಿಗೆ ಹೋದ ಬೂಸು-ಧೂಳಿಗೆ ಶ್ವಾಸಕೋಶ ಕೆರಳುವ ರೋಗ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಏರ್‌ಕೂಲರ್ ಸಂಪರ್ಕ. ಪಾರಿವಾಳ, ಬೂಸು ಬಂದ ಮೇವು, ಬೇಳೆ ಮಿಲ್ಲಿನ ಧೂಳು ಕೂಡ ಕೇಳಿ. ‘ಧೂಳಿನಲ್ಲಿ ಕೆಲಸ ಮಾಡ್ತೀರಾ’ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ, ಕಲಬುರಗಿಯಲ್ಲಿ ಇಲ್ಲ ಎನ್ನುವವರು ಯಾರು? ಕೇಳಬೇಕಾದ್ದು: ಕೂಲರ್ ಬಂದ್ ಮಾಡಿ ಊರಿಗೆ ಹೋದ ವಾರ ಹೇಗಿತ್ತು, ಬಂದ ಮೇಲೆ ಹೇಗಾಯಿತು. ಪ್ಯಾಡ್ ಬದಲಿಸಿದರೆ ಸಾಲದು, ರೋಗ ಖಚಿತವಾದವರ ಕೋಣೆಯಿಂದ ಕೂಲರೇ ಹೊರಗೆ ಹೋಗಬೇಕು.

ಸಿಟಿ_ಬೀದರ:
ಅದಕ್ಕೆ ಸಿಟಿ ಬರೆಯುವಾಗ ‘ಸಿಟಿ ಚೆಸ್ಟ್’ ಎಂದಷ್ಟೇ ಬರೆದರೆ 5 ಮಿಮೀ ಚೂರುಗಳು ಬರುತ್ತವೆ, ಕೂಲರ್ ರೋಗ ಅದರಲ್ಲಿ ಕಾಣುವುದಿಲ್ಲ. ‘ಎಚ್‌ಆರ್‌ಸಿಟಿ, 1.5 ಮಿಮೀ ಒಳಗೆ, ಉಸಿರು ಎಳೆದು ಮತ್ತು ಬಿಟ್ಟು, ಬೋರಲು ಮಲಗಿಸಿ’ ಎಂದು ಬರೆಯಿರಿ. ಉಸಿರು ಪೂರ್ತಿ ಬಿಟ್ಟಾಗ ಎಲ್ಲೆಲ್ಲಿ ಗಾಳಿ ಸಿಕ್ಕಿಬಿದ್ದಿದೆಯೋ ಅಲ್ಲಿ ಕಪ್ಪು ತೇಪೆ ಉಳಿಯುತ್ತದೆ. ಕಪ್ಪು, ಬೂದು, ಬಿಳಿ ಮೂರೂ ಪಕ್ಕಪಕ್ಕ ಕಂಡರೆ ಹೈಪರ್‌ಸೆನ್ಸಿಟಿವಿಟಿ ಕಡೆ ಬಲವಾದ ಸುಳಿವು.

ಕೆಡುವುದು ಎಲ್ಲಿ ಎಂದರೆ, ಯಂತ್ರದ ಧ್ವನಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉಸಿರು ಬಿಡಿ ಎನ್ನುತ್ತದೆ. ಔರಾದ್ ಕಡೆಯ ಮುದುಕಿ ಗಾಬರಿಯಲ್ಲಿ ಇನ್ನಷ್ಟು ಎಳೆದುಕೊಳ್ಳುತ್ತಾಳೆ. ಟೆಕ್ನೀಷಿಯನ್ ಒಳಗೆ ಹೋಗಿ ಅವರ ಮಾತಿನಲ್ಲಿ ಎರಡು ಸಲ ಮಾಡಿಸಿ ಬರಬೇಕು. ನಿಜವಾಗಿ ಉಸಿರು ಬಿಟ್ಟಿದ್ದಾರೋ ಇಲ್ಲವೋ ತಿಳಿಯಲು ಶ್ವಾಸನಾಳ ನೋಡಿ: ಹಿಂದಿನ ಗೋಡೆ ಒಳಕ್ಕೆ ಬಾಗಿರಬೇಕು. ಹೊರಕ್ಕೆ ಉಬ್ಬಿ ದುಂಡಗಿದ್ದರೆ ಆ ಫಿಲ್ಮ್ ನಂಬಬೇಡಿ.

ಪ್ರಶ್ನೆ ಗ್ರಂಥಿಯದ್ದಾದರೆ ಮಾತ್ರ ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಸೂಜಿ). ಟಿಬಿ ಗ್ರಂಥಿ ನಡುವೆ ಕಪ್ಪಾಗಿ ಅಂಚು ಬೆಳ್ಳಗೆ ಹೊಳೆಯುತ್ತದೆ. ಸಾರ್ಕಾಯ್ಡ್ ಗ್ರಂಥಿ ಏಕರೂಪ, ಎರಡೂ ಹೈಲಂ ಜತೆ ಬಲಗಡೆ ಶ್ವಾಸನಾಳದ ಪಕ್ಕ. ಜತೆಗೆ ಫಿಶರ್ (ಶ್ವಾಸಕೋಶದ ಹಾಲೆಗಳ ನಡುವಿನ) ಗೆರೆಯುದ್ದಕ್ಕೂ ಸಣ್ಣ ಕಾಳು ಪೋಣಿಸಿದಂತಿದ್ದರೆ ಸಾರ್ಕಾಯ್ಡ್ ಮಾತು ಗಟ್ಟಿ. ಮಿಲಿಯರಿ ಟಿಬಿಯ ಚುಕ್ಕಿ ಹಾಗೆ ಗೆರೆ ಹಿಡಿಯುವುದಿಲ್ಲ, ಎಲ್ಲೆಡೆ ಚೆಲ್ಲಾಪಿಲ್ಲಿ.

ಸಂಧಿವಾತ_ಓಪಿಡಿ:
ನನ್ನ ಪಾಲಿನದು ಮೂರು. ಮೊದಲನೆಯದು ಮೂತ್ರ. ಎದೆಯಲ್ಲಿ ಕ್ಯಾವಿಟಿ (ಶ್ವಾಸಕೋಶದಲ್ಲಿ ಪೊಳ್ಳು), ಸಿಬಿನ್ಯಾಟ್ ಎರಡು ಸಲ ನೆಗೆಟಿವ್, ಮೂಗಿನಲ್ಲಿ ರಕ್ತ ಮೆತ್ತಿದ ಹಕ್ಕಳೆ, ಕಿವಿ ಸೋರುವುದು ಯಾವ ಆಂಟಿಬಯೋಟಿಕ್ಕಿಗೂ ನಿಲ್ಲುತ್ತಿಲ್ಲ. ಇದು ಜಿಪಿಎ ಇರಬಹುದು, ಇನ್ನೊಂದು ಬಗೆಯ ರಕ್ತನಾಳದ ಉರಿಯೂತ. (ಮೂಗಿನ ದಿಂಡು ಕುಸಿಯುವುದು ಕುಷ್ಠದಲ್ಲೂ ಉಂಟು, ಮೇಲೆ ಚರ್ಮದ ಮೇಡಂ ಹೇಳಿದ ಸ್ಲಿಟ್ ಸ್ಕಿನ್ ಸ್ಮಿಯರ್ ಇಲ್ಲೂ ಬೇಕು.) ಅದಕ್ಕೆ ಮಾಡುವ ಎಎನ್‌ಸಿಎ ಎಂಬ ರಕ್ತಪರೀಕ್ಷೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಬರುವಷ್ಟರಲ್ಲಿ ಕಿಡ್ನಿ ಹೋಗಿರುತ್ತದೆ. ಡಿಪ್‌ಸ್ಟಿಕ್ (ಮೂತ್ರದಲ್ಲಿ ಅದ್ದುವ ಪಟ್ಟಿ) ಅವತ್ತೇ ಹೇಳುತ್ತದೆ. ಮೈಕ್ರೋಸ್ಕೋಪಿಗೆ ತಾಜಾ ಮೂತ್ರ 10 ಮಿಲಿ, 1,500 ಆರ್‌ಪಿಎಂನಲ್ಲಿ 5 ನಿಮಿಷ, ಒಂದು ಗಂಟೆಯೊಳಗೆ ನೋಡಬೇಕು. ಮೇ ತಿಂಗಳ ಬಿಸಿಲಲ್ಲಿ ಮಧ್ಯಾಹ್ನದ ತನಕ ಟೇಬಲ್ ಮೇಲಿಟ್ಟರೆ ಕೆಂಪುಕಣ ಒಡೆದು, ಕಾಸ್ಟ್ (ಕಿಡ್ನಿ ನಾಳದಲ್ಲಿ ಅಚ್ಚುಗಟ್ಟಿ ಬರುವ ಚೂರು) ಕರಗಿ ‘ನಿಲ್’ ಎಂದು ಬರುತ್ತದೆ. ಡಿಪ್‌ಸ್ಟಿಕ್ ರಕ್ತ 3 ಪ್ಲಸ್, ಮೈಕ್ರೋಸ್ಕೋಪಿ ನಿಲ್ ಎಂದು ಬಂದರೆ ಒಂದೋ ಮಾದರಿ ಹಳತು, ಇಲ್ಲವೇ ಸ್ನಾಯು ಕರಗಿ ಮಯೋಗ್ಲೋಬಿನ್ ಬರುತ್ತಿದೆ. ಆಗ ಸಿಪಿಕೆ (ಸ್ನಾಯು ಒಡೆದಾಗ ರಕ್ತದಲ್ಲಿ ಏರುವ ಕಿಣ್ವ) ನೋಡಿ. ಎಎನ್‌ಸಿಎ ಟಿಬಿಯಲ್ಲೂ ಹೃದಯದ ಕವಾಟದ ಸೋಂಕಿನಲ್ಲೂ ಸುಳ್ಳೇ ಪಾಸಿಟಿವ್ ಆಗುತ್ತದೆ. ಪಿಆರ್3, ಎಂಪಿಓ ಎಲೈಸಾ (ಎಎನ್‌ಸಿಎ ಯಾವ ಪ್ರೋಟೀನಿನ ಮೇಲಿನದು ಎಂದು ತೋರುವ ಪರೀಕ್ಷೆ) ಇಲ್ಲದ ಬರೀ ಪಾಸಿಟಿವ್ ಮೇಲೆ ಔಷಧ ಶುರು ಮಾಡಬಾರದು.

ಎರಡನೆಯದು ಕೈ. ಹೆಬ್ಬೆರಳಿನ ಒಳಮಗ್ಗುಲು, ತೋರುಬೆರಳಿನ ಹೆಬ್ಬೆರಳ ಕಡೆಯ ಅಂಚು ಒರಟಾಗಿ ಬಿರಿದಿದೆ, ಎರಡೂ ಕೈ, ತುರಿಕೆ ಇಲ್ಲ. ಹತ್ತಿ ಬಿಡಿಸುವ ಕೈ ಎಂದು ಮುಲಾಮು ಕೊಟ್ಟು ಕಳಿಸುತ್ತಾರೆ. ಅದರ ಜತೆ ಒಣಕೆಮ್ಮು, ಸ್ಟೆತೊಸ್ಕೋಪಿನಲ್ಲಿ ಬೆನ್ನ ಕೆಳಗೆ ಎರಡೂ ಕಡೆ ಚರಚರ ಸದ್ದು, ಕೀಲುನೋವು ಇದ್ದರೆ ಆಂಟಿಸಿಂಥಟೇಸ್ ಸಿಂಡ್ರೋಮ್ (ದೇಹದ ಪ್ರತಿಕಾಯವೇ ಸ್ನಾಯು, ಶ್ವಾಸಕೋಶ, ಕೀಲು ಕೆಡಿಸುವ ರೋಗ) ಹುಡುಕಿ. ಎಎನ್‌ಎ (ನ್ಯೂಕ್ಲಿಯಸ್ ವಿರುದ್ಧದ ಪ್ರತಿಕಾಯ ನೋಡುವ ಪರೀಕ್ಷೆ) ನೆಗೆಟಿವ್ ಬರಬಹುದು, ಸಿಪಿಕೆ ಸರಿ ಇರಬಹುದು. ಇಲ್ಲಿ ಪ್ರತಿಕಾಯ ಇರುವುದು ಕಣದ ನ್ಯೂಕ್ಲಿಯಸ್ಸಿಗಲ್ಲ, ಹೊರಗಿನ ಸೈಟೋಪ್ಲಾಸಂಗೆ. ಎಎನ್‌ಎಯನ್ನು ಎಲೈಸಾ ಬದಲು ಇಮ್ಯುನೋಫ್ಲೋರೆಸೆನ್ಸ್ (ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ವಿಧಾನದಲ್ಲಿ ಕೇಳಿ, ‘ಸೈಟೋಪ್ಲಾಸ್ಮಿಕ್ ಮಾದರಿ ಇದ್ದರೆ ಬರೆಯಿರಿ’ ಎಂದು ಚೀಟಿಯಲ್ಲಿ ಹಾಕಿ. ಆಮೇಲೆ ಮಯೋಸೈಟಿಸ್ ಬ್ಲಾಟ್ (ಸ್ನಾಯು ಉರಿಯೂತದ ಪ್ರತಿಕಾಯಗಳನ್ನು ಬಿಡಿಬಿಡಿಯಾಗಿ ನೋಡುವ ಪರೀಕ್ಷೆ). ಬೆರಳ ಗೆಣ್ಣಿನ ಮೇಲೆ ಹುಣ್ಣು, ವಾರದೊಳಗೆ ದಮ್ಮು ಏರುತ್ತಿದೆ ಎಂದರೆ ಎಂಡಿಎ5 (ಶ್ವಾಸಕೋಶವನ್ನು ಬೇಗ ಕೆಡಿಸುವ ಬಗೆಯ ಪ್ರತಿಕಾಯ) ಇರಬಹುದು, ಅವರನ್ನು ಅವತ್ತೇ ಕಳಿಸಿ.

ಪಿಎಚ್‌ಸಿಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ: ಕುರ್ಚಿಯಿಂದ ಒಂದು ನಿಮಿಷ ಎದ್ದು ಕೂತು ಮಾಡಿಸಿ ಪಲ್ಸ್ ಆಕ್ಸಿಮೀಟರಿನಲ್ಲಿ ಆಕ್ಸಿಜನ್ ನೋಡಿ. 97 ಇದ್ದದ್ದು 93ಕ್ಕೆ ಇಳಿದರೆ ಎಕ್ಸ್‌ರೇ ಸಾಫ್ ಇದ್ದರೂ ಸಿಟಿ ಬೇಕು. ಮೆಹಂದಿ ಬೆರಳು ಬಿಟ್ಟು ಹಾಕಿ. ಬೆರಳು ತಣ್ಣಗೆ ನೀಲಿಗಟ್ಟುವವರಲ್ಲಿ ಕಿವಿಗೆ ಹಾಕುವ ಪ್ರೋಬ್ ಬಳಸಿ.

ಮೂರನೆಯದು ವಿಟಮಿನ್ ಡಿ. ಮೈಕೈ ನೋವು ಎಂದೊಡನೆ 6 ಲಕ್ಷ ಯೂನಿಟ್ ಸೂಜಿ. ಸಾರ್ಕಾಯ್ಡ್ ಗ್ರಾನ್ಯುಲೋಮಾ ತಾನೇ ವಿಟಮಿನ್ ಡಿಯನ್ನು ಚುರುಕು ರೂಪಕ್ಕೆ ತಿರುಗಿಸುತ್ತದೆ. ಹಾಗಾಗಿ ಲ್ಯಾಬ್ ಅಳೆಯುವ 25-ಹೈಡ್ರಾಕ್ಸಿ ಕಡಿಮೆ ಕಾಣುತ್ತದೆ, ಒಳಗಿನ ಚುರುಕು ರೂಪ ಆಗಲೇ ಹೆಚ್ಚಿರುತ್ತದೆ. ಅದರ ಮೇಲೆ ಸೂಜಿ ಕೊಟ್ಟರೆ ಕ್ಯಾಲ್ಸಿಯಂ ಏರಿ ವಾಂತಿ, ಮಂಪರು, ಕಿಡ್ನಿಗೆ ಪೆಟ್ಟು. ಎದೆಯಲ್ಲಿ ಗ್ರಂಥಿ ಇರುವವರಿಗೆ ಕ್ಯಾಲ್ಸಿಯಂ ನೋಡದೆ ಆ ಸೂಜಿ ಬೇಡ. ಪದೇ ಪದೇ ಕಿಡ್ನಿ ಕಲ್ಲು ಆಗುವವರನ್ನೂ ‘ನಮ್ಮ ಬಿಸಿಲಿಗೆ ಆಗೋದೇ’ ಎಂದು ಸುಮ್ಮನೆ ಬಿಡಬೇಡಿ.

ಎದೆರೋಗ_ಕಲಬುರಗಿ:
ಇದಕ್ಕೆ ಎರಡು ಸೇರಿಸುತ್ತೇನೆ. ಸಾರ್ಕಾಯ್ಡ್ ಸಂಶಯ ಇರುವ ಪ್ರತಿಯೊಬ್ಬರಿಗೂ ಸ್ಲಿಟ್ ಲ್ಯಾಂಪ್ (ಕಣ್ಣನ್ನು ಹಿಗ್ಗಿಸಿ ನೋಡುವ ಯಂತ್ರ) ಪರೀಕ್ಷೆ, ಕಣ್ಣಿನ ತಕರಾರು ಇಲ್ಲದಿದ್ದರೂ. ಇಸಿಜಿಯಲ್ಲಿ ಪಿಆರ್ ಉದ್ದವಾಗಿದ್ದರೆ, ಬಂಡಲ್ ಬ್ರಾಂಚ್ ಬ್ಲಾಕ್ ಇದ್ದರೆ (ಎರಡೂ ಹೃದಯದ ವಿದ್ಯುತ್ ಹರಿವು ತಡವಾದ ಗುರುತು) ಹೋಲ್ಟರ್ (ದಿನವಿಡೀ ದಾಖಲಿಸುವ ಇಸಿಜಿ) ಮತ್ತು ಎಕೋ. ಅರವತ್ತರ ಒಳಗಿನವರಿಗೆ ಕಾರಣವಿಲ್ಲದೆ ಪೂರ್ತಿ ಹಾರ್ಟ್ ಬ್ಲಾಕ್ ಆಗಿ ಪೇಸ್‌ಮೇಕರ್ ಬಿದ್ದಿದ್ದರೆ ಎದೆಯ ಸಿಟಿ ಒಮ್ಮೆ ಆಗಲೇಬೇಕು.

ಸ್ಟೀರಾಯ್ಡ್ ಬೇಕೇಬೇಕಾದಾಗ ಪ್ರೆಡ್ನಿಸೋಲೋನ್ 40 ಮಿಗ್ರಾಂನಿಂದಲೇ ಶುರು ಮಾಡಬೇಕೆಂದಿಲ್ಲ. ಶ್ವಾಸಕೋಶದ ಸಾರ್ಕಾಯ್ಡಿಗೆ ಚಂಡೀಗಢದ ಪಿಜಿಐನಲ್ಲಿ 20 ಮತ್ತು 40 ಮಿಗ್ರಾಂ ಹೋಲಿಸಿದ ಪ್ರಯೋಗದಲ್ಲಿ 40 ಹೆಚ್ಚೇನೂ ಕೊಡಲಿಲ್ಲ. ಹೃದಯ, ಕಣ್ಣು, ಮೆದುಳಿನ ಲೆಕ್ಕ ಬೇರೆ. ಟಿಬಿ ಗುಳಿಗೆಯೂ ನಡೆದಿದ್ದರೆ ಅದರಲ್ಲಿನ ರಿಫಾಂಪಿಸಿನ್ ಪ್ರೆಡ್ನಿಸೋಲೋನ್ ಅನ್ನು ಬೇಗ ಒಡೆದುಹಾಕುತ್ತದೆ ಎಂಬುದು ನೆನಪಿರಲಿ. ‘ಸ್ಟೀರಾಯ್ಡ್ ಕೊಟ್ಟರೂ ಬಗ್ಗಲಿಲ್ಲ’ ಎಂಬ ಕೆಲವು ದೂರಿನ ಹಿಂದೆ ಇರುವುದು ಇದೇ.

ಗಾಜಿನ_ಸ್ಲೈಡ್:
ಕಸುಬಿನ ಮಾತನ್ನೂ ಚೀಟಿಯಲ್ಲಿ ಬರೆಯಿರಿ. ಶಹಾಬಾದ್ ಕಲ್ಲು ಸುಣ್ಣಕಲ್ಲು, ಅದರ ಹುಡಿಯಿಂದಾದದ್ದನ್ನೆಲ್ಲ ಸಿಲಿಕೋಸಿಸ್ (ಸಿಲಿಕಾ ಧೂಳಿನ ಶ್ವಾಸಕೋಶ ರೋಗ) ಎನ್ನಲಾಗದು. ಯಾದಗಿರಿ, ಸುರಪುರ ಕಡೆಯ ಗ್ರಾನೈಟ್ ಕ್ರಶರ್, ಬೋರ್‌ವೆಲ್ ಗಾಡಿ, ಬೆಂಗಳೂರಿಗೆ ದುಡಿಯಲು ಹೋಗಿ ನೀರು ಹಾಕದೆ ಒಣದಾಗಿಯೇ ಕಲ್ಲು ಕತ್ತರಿಸುವ ಕೆಲಸ, ಇವು ಸಿಲಿಕಾ. ಅಲ್ಲೂ ಎರಡೂ ಹೈಲಂ ಉಬ್ಬಿ ಮೇಲ್ಭಾಗದಲ್ಲಿ ಗಂಟು ಬರುತ್ತದೆ. ಬರೆದಿದ್ದರೆ ಪೋಲರೈಸ್ಡ್ ಬೆಳಕಿನಲ್ಲಿ (ಸಿಲಿಕಾ ಕಣ ಹೊಳೆದು ಕಾಣುವಂತೆ) ನೋಡುತ್ತೇನೆ. ಬರೆಯದಿದ್ದರೆ ಯಾರು ನೋಡುತ್ತಾರೆ?

ಸುರಪುರ_ಪಿಎಚ್‌ಸಿ:
ಸರ್, ಕೊನೀದೊಂದು. ಕುತ್ತಿಗಿ ಗ್ರಂಥಿ ಇಲ್ಲೇ ತಾಲೂಕಿನ್ಯಾಗ ತೆಗೀತಾರ. ಕಲ್ಚರಿಗೆ ಯಾವ ಬಾಟ್ಲಿ, ಎಷ್ಟು ಸಲೈನ್? ಲ್ಯಾಬಿನ್ಯಾಗ ಇರೋವೆಲ್ಲಾ ಫಾರ್ಮಲಿನ್ ತುಂಬಿದ ಬಾಟ್ಲಿನೇ.

ಗಾಜಿನ_ಸ್ಲೈಡ್:
ಕಫಕ್ಕೆ ಬರುವ 50 ಮಿಲಿ ಫಾಲ್ಕನ್ ಟ್ಯೂಬ್ ನಿಮ್ಮ ಟಿಬಿ ಕೋಣೆಯಲ್ಲೇ ಇರುತ್ತದೆ, ಅದೇ ಸಾಕು. ಹೊಸ ಐವಿ ಬಾಟಲಿ ಒಡೆದು ಸ್ಟೆರೈಲ್ ನಾರ್ಮಲ್ ಸಲೈನ್ 2 ಮಿಲಿ, ಚೂರು ಮುಳುಗಿದರೆ ಆಯಿತು. ಫಾರ್ಮಲಿನ್ ಬಾಟಲಿಯನ್ನು ತೊಳೆದು ಬಳಸಬೇಡಿ, ಉಳಿದ ವಾಸನೆಯಷ್ಟೇ ಕ್ರಿಮಿ ಕೊಲ್ಲಲು ಸಾಕು. ಗ್ರಂಥಿಯನ್ನು ಬ್ಲೇಡಿನಲ್ಲಿ ಎರಡು ಮಾಡಿ, ಮೊದಲು ಸಲೈನ್ ಅರ್ಧ ಮುಚ್ಚಿ ಪಕ್ಕಕ್ಕಿಟ್ಟು, ಆಮೇಲೆ ಫಾರ್ಮಲಿನ್ ಬಾಟಲಿ ತೆರೆಯಿರಿ. ಒಂದೇ ಚಿಮಟದಿಂದ ಫಾರ್ಮಲಿನ್‌ಗೆ ಹಾಕಿ ಮತ್ತೆ ಸಲೈನ್ ಚೂರು ಮುಟ್ಟಬಾರದು. ಲಸಿಕೆ ಪೆಟ್ಟಿಗೆಯಲ್ಲಿ ಐಸ್‌ಪ್ಯಾಕ್ ಹಾಕಿ, ಟ್ಯೂಬು ಐಸಿಗೆ ನೇರ ತಾಗದಂತೆ ಬಟ್ಟೆ ಸುತ್ತಿ, ಅವತ್ತೇ ಬಸ್ಸಿಗೆ ಹಾಕಿ. ಶನಿವಾರ ಮಧ್ಯಾಹ್ನ ತೆಗೆದು ಸೋಮವಾರ ಕಳಿಸುವುದಾದರೆ ತೆಗೆಯುವುದನ್ನೇ ಸೋಮವಾರಕ್ಕೆ ಇಟ್ಟುಕೊಳ್ಳಿ.